ಲಂಗ ಅಡ್ಡ ಬಂತಂತೆ!

ಮೊನ್ನೆ ಟೀವಿಯಲ್ಲಿ ಫಿಗರ್ ಸ್ಕೇಟಿಂಗ್ ವಿಶ್ವ ಸ್ಪರ್ಧೆ ಬರುತ್ತಿತ್ತು. ಮಂಜುಗಡ್ಡೆಯ ಮೇಲೆ ಬುಗುರಿಯಂತೆ ಸುತ್ತುವವರನ್ನು ನೋಡಿ ಮೊಮ್ಮಗಳು, "ಅಜ್ಜಿ, ಇದು ಹುಡುಗೀರ ಆಟ ಅಲ್ವಾ?" ಅಂದಳು. ನನಗೆ ನಗು ಬಂತು. ಯಾಕೆ ಗೊತ್ತೇ, ಗೆಳತಿಯರೇ?

1896ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಈ ಸ್ಪರ್ಧೆ ಮೊದಲಾದಾಗ ಇದ್ದವರು ನಾಲ್ವರೇ. ನಾಲ್ವರೂ ಗಂಡಸರು! 1902ರಲ್ಲಿ ಲಂಡನ್ನಿನಲ್ಲಿ ಮ್ಯಾಜ್ ಸೈಯರ್ಸ್ ಎಂಬಾಕೆ ಹೆಸರು ಕೊಟ್ಟಳು. ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಗಂಡಸರ ಜೊತೆಗೇ ಆಡಿ ಎರಡನೆಯವಳಾದಳು; ಗೆದ್ದವನು ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್. ಸುಮ್ಮನಿದ್ದಾರೆಯೇ? ಮರುವರ್ಷವೇ ಹೆಂಗಸರಿಗೆ ಬಾಗಿಲು ಹಾಕಿದರು. ಲಂಗ ಅಡ್ಡ ಬಂದು ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ ಎಂಬುದೂ ಒಂದು ಕಾರಣವಂತೆ!

ಇದನ್ನು ಓದಿದಾಗ ನನ್ನ ಹೈಸ್ಕೂಲು ನೆನಪಾಯಿತು. ಓಟಕ್ಕೆ ಹೆಸರು ಕೊಟ್ಟಿದ್ದೆ. "ಲಂಗ ಉಟ್ಕೊಂಡು ಏನು ಓಡ್ತೀಯಮ್ಮ?" ಎಂದು ಮೇಷ್ಟ್ರು ಹೆಸರು ಹೊಡೆದುಹಾಕಿದರು. ನಾನು ಅಳುತ್ತಾ ಮನೆಗೆ ಬಂದೆ. ಆಮೇಲೆಂದೂ ಹೆಸರು ಕೊಡಲಿಲ್ಲ.

ಮ್ಯಾಜ್ ಬಿಡಲಿಲ್ಲ ನೋಡಿ. 1904ರ ಬ್ರಿಟಿಷ್ ಸ್ಪರ್ಧೆಯಲ್ಲಿ ಕಟ್ಟಿಕೊಂಡ ಗಂಡನನ್ನೇ ಸೋಲಿಸಿದಳು! 1906ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹೆಂಗಸರಿಗೇ ಬೇರೆ ಸ್ಪರ್ಧೆ ಶುರುವಾಯಿತು. ಗೆದ್ದವಳು ಮ್ಯಾಜ್. 1907ರಲ್ಲೂ ಅವಳೇ. 1908ರಲ್ಲಿ ಒಲಿಂಪಿಕ್ ಚಿನ್ನವೂ ಅವಳದೇ.

ಕಥೆ ಕೇಳಿದ ಮೊಮ್ಮಗಳು ಮೆಲ್ಲಗೆ ಚೀಲದಿಂದ ಶಾಲೆಯ ಓಟದ ಚೀಟಿ ತೆಗೆದಳು. ಎರಡು ದಿನದಿಂದ ಒಳಗೇ ಇತ್ತಂತೆ. ಆ ಕ್ಷಣವೇ ಸಹಿ ಹಾಕಿದೆ. ನಿಮ್ಮ ಮನೆಯ ಚೀಲದಲ್ಲೂ ಅಂಥದ್ದೊಂದು ಚೀಟಿ ಇದೆಯೇನೋ, ಒಮ್ಮೆ ನೋಡಿಬಿಡಿ.