ಅಜ್ಜ ಬರೆಸಿದ ಉತ್ತರ

2011ರ ಫೆಬ್ರುವರಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್. ಜನಗಣತಿಗೆ ಬಂದ ಮಾಸ್ತರು ನಮ್ಮ ಮನೆ ಕಟ್ಟೆ ಮೇಲೆ ಕೂತು ಒಬ್ಬೊಬ್ಬರದೇ ವಿವರ ಬರೆದುಕೊಳ್ಳುತ್ತಿದ್ದರು. ಚಿಕ್ಕಮ್ಮನ ಸರದಿ ಬಂತು.

“ಲಗ್ನ ಆಗೇತ್ರಿ, ಹಂಗ ಬರೀರಿ” ಅಂದ ಅಜ್ಜ.

ರಾಣೇಬೆನ್ನೂರಿನ ಗಂಡನ ಮನೆ ಬಿಟ್ಟು ಚಿಕ್ಕಮ್ಮ ತವರಿಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಮೊನ್ನೆ ವಿಚ್ಛೇದನದ ಬಗ್ಗೆ ವರದಿ ಬರೆಯಲು ಕೂತಾಗ ಇದು ನೆನಪಾಯಿತು. ಅಂಕಿ-ಅಂಶ ಸಿಗಬಹುದೆಂದು ಹಾವೇರಿ ಕೋರ್ಟಿಗೆ ಹೋಗಿದ್ದೆ. ವಕೀಲರೊಬ್ಬರು ನಕ್ಕರು: “ಇಲ್ಲಿಗೆ ಬರೋರು ಕಾಗದ ಬೇಕಾದವರು. ಹಿರಿಯರ ಮುಂದ ಸೋಡಚೀಟಿ ಮಾಡಿಕೊಂಡವರ ಲೆಕ್ಕ, ಸುಮ್ಮನ ತವರಿಗೆ ಬಂದು ಕುಂತವರ ಲೆಕ್ಕ ನಮ್ಮ ಹತ್ರ ಎಲ್ಲೈತಿ?”

ಅಂಥವರ ಲೆಕ್ಕ ಸ್ವಲ್ಪವಾದರೂ ಸಿಗುವುದು ಜನಗಣತಿಯಲ್ಲಿ. 2001ರ ಗಣತಿ ವಿಚ್ಛೇದಿತರನ್ನೂ ಬೇರ್ಪಟ್ಟವರನ್ನೂ ಒಟ್ಟಿಗೇ ಎಣಿಸಿತ್ತು. 2011ರಲ್ಲಿ ಬೇರೆ ಬೇರೆ ಎಣಿಸಿದರು. 121 ಕೋಟಿ ಜನರ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ಸಾವಿರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಕಾಗದವಿಲ್ಲದೆ ಬೇರ್ಪಟ್ಟವರು ಸುಮಾರು 35 ಲಕ್ಷ! ಎರಡು ಲೆಕ್ಕದಲ್ಲೂ ಗಂಡಸರಿಗಿಂತ ಹೆಂಗಸರೇ ಸುಮಾರು ಎರಡು ಪಟ್ಟು.

ಗಂಡ ಹೆಂಡತಿ ಇಬ್ಬರೂ ಬೇರೆಯಾದ ಮೇಲೆ ಹೆಂಗಸರೇ ಯಾಕೆ ಹೆಚ್ಚು? ಗಣತಿ ಕೇಳುವುದು ಇವತ್ತಿನ ಸ್ಥಿತಿಯನ್ನು. ಮತ್ತೆ ಮದುವೆಯಾದವರು ‘ವಿವಾಹಿತರು’ ಕಾಲಂಗೆ ಹೋಗುತ್ತಾರೆ. ಗಂಡಸರಿಗೆ ಎರಡನೇ ಮದುವೆ ಬೇಗ ಆಗುತ್ತದೆ. ನಮ್ಮ ಕಡೆ ಉಡಿಕಿಯಾದ ಹೆಣ್ಣುಮಕ್ಕಳೂ ಇದ್ದಾರೆ, ಆದರೆ ಕಡಿಮೆ.

ಅಮೆರಿಕದಲ್ಲಿ ವರ್ಷಕ್ಕೆ ಸಾವಿರ ಜನಸಂಖ್ಯೆಗೆ ಎರಡೂವರೆಯಷ್ಟು ವಿಚ್ಛೇದನ ಆಗುತ್ತವೆ. ಅದನ್ನೂ ನಮ್ಮ ಅಂಕಿಯನ್ನೂ ಪಕ್ಕಪಕ್ಕ ಇಟ್ಟು “ನಮ್ಮ ಸಂಸಾರಗಳೇ ಗಟ್ಟಿ” ಎಂದು ವಾಟ್ಸಾಪಿನಲ್ಲಿ ಹಾಕುತ್ತಾರೆ. ಅದು ಒಂದು ವರ್ಷದಲ್ಲಿ ಮುರಿದ ಮದುವೆಗಳ ಲೆಕ್ಕ. ಇದು ಗಣತಿಯ ದಿನ ವಿಚ್ಛೇದಿತರಾಗಿ ಉಳಿದವರ ಲೆಕ್ಕ. ಕೆರೆಗೆ ವರ್ಷಕ್ಕೆ ಬರುವ ನೀರನ್ನೂ ಕೆರೆಯಲ್ಲಿ ನಿಂತ ನೀರನ್ನೂ ಹೋಲಿಸಿದ ಹಾಗೆ.

ಇನ್ನು ನಮ್ಮ ಚಿಕ್ಕಮ್ಮ. ಆ 13.6 ಲಕ್ಷದಲ್ಲೂ ಇಲ್ಲ, 35 ಲಕ್ಷದಲ್ಲೂ ಇಲ್ಲ. ಅವಳ ಗಟ್ಟಿ ಸಂಸಾರ ಅಜ್ಜನ ಬಾಯಿಂದ ಬಂದದ್ದು. ಅವಿವಾಹಿತೆಯರಿಗೆ, ವಿಚ್ಛೇದಿತೆಯರಿಗೆ ಮನಸ್ವಿನಿ ಪಿಂಚಣಿ ಇದೆ. ಲೆಕ್ಕದಲ್ಲಿ ಚಿಕ್ಕಮ್ಮ ಎರಡೂ ಅಲ್ಲ, ಗಂಡನಿದ್ದವಳು. ಇಂಥ ಮನೆ ನಮ್ಮ ಓಣಿಯಲ್ಲೇ ಇನ್ನೆರಡಿವೆ.

ಅಜ್ಜನನ್ನು ಬೈಯಲಾರೆ. ಮಗಳ ಮಾನ ಉಳಿಸಿದೆ ಅಂದುಕೊಂಡೇ ಹೋದ.

ಮುಂದಿನ ಗಣತಿಯಲ್ಲಿ ಜನರನ್ನು ಎಣಿಸುವುದು 2027ರ ಫೆಬ್ರುವರಿಯಲ್ಲಿ. ಮತ್ತೆ ಮೆಣಸಿನಕಾಯಿ ಸೀಸನ್. ‘ಬೇರ್ಪಟ್ಟವರು’ ಎಂದು ಬರೆಸಲು ಕೋರ್ಟಿನ ಕಾಗದ ಬೇಕಿಲ್ಲ, ನಾವು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ಈ ಸಲ ಏನು ಬರೆಸೋಣ ಎಂದು ಚಿಕ್ಕಮ್ಮನನ್ನು ಕೇಳಿದೆ.

“ಹದಿನೈದು ವರ್ಷದ ಮ್ಯಾಲೆ ಕೇಳಾಕತ್ತೀಯಲ್ಲ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅವರು ಬಂದಾಗ ನನ್ನ ಹೊರಗ ಕರಿ. ನಾನ ಹೇಳ್ತೀನಿ.”

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಅವರ ಉತ್ತರ ನೀವು ಹೇಳಬೇಡಿ. ಕರೆಯಿರಿ.