ಮಗಳ ಮೊದಲ ಸೂಜಿ, ನಾವು ಬರೆಯದೇ ಬಿಟ್ಟ ಸುದ್ದಿ

ಮಗಳಿಗೆ ಒಂದೂವರೆ ತಿಂಗಳು ತುಂಬಿ ಎಂಟು ದಿನ ಆಗಿತ್ತು. ಆಶಾ ಅಕ್ಕ ಎರಡು ಸಲ ಬಂದು ಹೋಗಿದ್ದರು. "ಮೂಗು ಕಟ್ಟೈತ್ರೀ ಅಕ್ಕಾರ, ಮುಂದಿನ ಗುರುವಾರ ಬರ್ತೀವಿ" ಅಂತ ನಾವೇ ಸಾಗಹಾಕಿದ್ದೆವು. ನಿಜ ಹೇಳಬೇಕೆಂದರೆ ಮೂಗು ಬರೀ ನೆಪ. ಒಂದೇ ದಿನ ಮೂರು ಸೂಜಿ ಅಂತ ಕೇಳಿ ನಮಗೇ ಕೈಕಾಲು ಆಡಿರಲಿಲ್ಲ. "ಬೆರಳಿನಷ್ಟು ತೊಡಿ ಅದಾವ, ಎಲ್ಲಿ ಚುಚ್ಚತಾರ?" ಅಂತ ಅವ್ವ ಬೇರೆ ಒಳಗಿನಿಂದ ಕೇಳುತ್ತಿದ್ದಳು.

ತಮಾಷೆ ಏನೆಂದರೆ, ನಾವು ಹತ್ತು ವರ್ಷದಿಂದ ಪತ್ರಿಕೆಗೆ ಸುದ್ದಿ ಕಳಿಸುವವರು. 'ಲಸಿಕಾ ಅಭಿಯಾನಕ್ಕೆ ಚಾಲನೆ' ಎಂಬ ತಲೆಬರಹ ಎಷ್ಟು ಸಲ ಹಾಕಿದ್ದೇವೋ ಲೆಕ್ಕವಿಲ್ಲ. ದೀಪ ಹಚ್ಚಿದವರು, ಹನಿ ಹಾಕಿದವರು, ಉಪಸ್ಥಿತರಿದ್ದವರು, ವಂದಿಸಿದವರು ಎಲ್ಲರ ಹೆಸರೂ ತಪ್ಪದೆ ಬರೆದಿದ್ದೇವೆ. ಸೂಜಿ ಹಾಕಿದ ರಾತ್ರಿ ಮಗುವಿಗೆ ಏನಾಗುತ್ತದೆ ಅಂತ ಒಂದು ಸಾಲೂ ಬರೆದಿಲ್ಲ.

ಆ ಗುರುವಾರ ಕುಂಚಿಗೆ ಕಟ್ಟಿಕೊಂಡು, ತಾಯಿ ಕಾರ್ಡ್ ಹಿಡಿದು ಉಪಕೇಂದ್ರಕ್ಕೆ ಹೋದೆವು. ಮೊದಲು ತೂಕ. ಹುಟ್ಟಿದಾಗ 2.8 ಕೆಜಿ ಇದ್ದವಳು 4.2 ಆಗಿದ್ದಳು. ಮೂಗಿನ ಸುದ್ದಿ ಎತ್ತಿದರೆ ಸಿಸ್ಟರ್ ನಕ್ಕರು. "ಸಣ್ಣ ನೆಗಡಿಗೆಲ್ಲ ಲಸಿಕೆ ಮುಂದ ಹಾಕಬಾರದ್ರೀ."

ಬಾಯಿಗೆ ಎರಡು ಥರದ ಹನಿ: ಒಂದು ಪೋಲಿಯೊಗೆ, ಇನ್ನೊಂದು ರೋಟಾ ವೈರಸ್ ಭೇದಿಗೆ. ಎಡ ತೊಡೆಗೆ ಪೆಂಟಾ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್, ಐದಕ್ಕೂ ಅದೊಂದೇ ಸೂಜಿ. ಬಲ ತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ. ಬಲ ತೋಳಿನ ಚರ್ಮಕ್ಕೆ ಇನ್ನೊಂದು ಚೂರು ಪೋಲಿಯೊ ಲಸಿಕೆ. ಮೊದಲ ಸೂಜಿಗೆ ಒಂದು ಕ್ಷಣ ಉಸಿರೇ ಇಲ್ಲ, ಆಮೇಲೆ ಓಣಿಗೆಲ್ಲ ಕೇಳುವಂಥ ಕೂಗು. ಮನೆಯವಳು ಹಿಡಿದುಕೊಂಡಿದ್ದಳು. ನಾವು ಗೋಡೆಯ ಮೇಲಿನ ಚಾರ್ಟ್ ಓದುವವರ ಹಾಗೆ ಆಕಡೆ ತಿರುಗಿ ನಿಂತೆವು.

ಅರ್ಧ ಗಂಟೆ ಅಲ್ಲೇ ಕೂರಬೇಕು. ಪಕ್ಕದಲ್ಲಿ ಐದು ತಿಂಗಳ ಕೂಸು ಎತ್ತಿಕೊಂಡ ತಾಯಿಯೊಬ್ಬಳು. ಅವಳ ಕಾರ್ಡಿನಲ್ಲಿ ಒಂದೂವರೆ ತಿಂಗಳ ಸಾಲು ತುಂಬಿತ್ತು, ಅದರ ಮುಂದೆಲ್ಲ ಖಾಲಿ. "ಅವತ್ತ ರಾತ್ರಿ ಮೈ ಕೆಂಡ ಆಗಿತ್ರೀ. ಅತ್ತಿ ಮತ್ತ ಕಳಸಲಿಲ್ಲ." ಆಶಾ ಅಕ್ಕ ಹೇಗೋ ಒಪ್ಪಿಸಿ ಕರೆತಂದಿದ್ದರು. ಸಿಸ್ಟರ್ ಬೈಯಲಿಲ್ಲ. "ಮತ್ತ ಮೊದಲಿಂದ ಹಾಕೂದಿಲ್ಲ. ಎಲ್ಲಿ ಬಿಟ್ಟೀರಿ ಅಲ್ಲಿಂದ ಹಾಕತೀವಿ" ಅಂದರು.

ನಮಗೂ ಹೇಳಿ ಕಳಿಸಿದರು. ರಾತ್ರಿ ಜ್ವರ ಬರಬಹುದು, ತೊಡೆ ಬಾಯಬಹುದು, ಹೆಚ್ಚಾಗಿ ಪೆಂಟಾದಲ್ಲಿನ ನಾಯಿಕೆಮ್ಮಿನ ಲಸಿಕೆಯಿಂದ. ಒಂದೆರಡು ದಿನದಲ್ಲಿ ಇಳಿಯುತ್ತದೆ. ತಿಕ್ಕಬೇಡಿ, ಅರಿಶಿನ ಹಚ್ಚಬೇಡಿ, ತಣ್ಣೀರಿನ ಬಟ್ಟೆ ಇಡಿ, ಹಾಲು ಕುಡಿಸುತ್ತಿರಿ. ಜ್ವರಕ್ಕೆ ಹನಿ ಔಷಧ ಎಷ್ಟು ಅಂತ ತೂಕ ನೋಡಿ ಗೆರೆ ತೋರಿಸಿದರು. ಫಿಟ್ಸ್ ಬಂದರೆ, ಮೂರು ತಾಸು ಬಿಡದೆ ಅತ್ತರೆ, ಎರಡು ದಿನಕ್ಕೂ ಜ್ವರ ಇಳಿಯದಿದ್ದರೆ ಆಸ್ಪತ್ರೆ.

ರಾತ್ರಿ ಹತ್ತಕ್ಕೆ ಮೈ ಬಿಸಿಯಾಯಿತು. ಅವ್ವ ಕಂಬಳಿ ತಂದಳು, ನಾವು ತೆಗೆದಿಟ್ಟೆವು. ಅವ್ವ ಮತ್ತೆ ಹೊದಿಸಿದಳು. ಹನಿ ಹಾಕಿ, ಪಾಳಿ ಮೇಲೆ ಎತ್ತಿಕೊಂಡು ಅಂಗಳದಲ್ಲಿ ತಿರುಗಿದೆವು. ಹೇಳಿದ್ದು ಗೊತ್ತಿತ್ತು, ಆದರೂ ಎರಡು ಸಲ ಬೈಕಿನ ಕೀಲಿ ಕೈಗೆ ಬಂದಿತ್ತು. ಸಿಸ್ಟರ್ ಆ ಎರಡು ಮಾತು ಆಡದೇ ಇದ್ದಿದ್ದರೆ ನಮ್ಮ ಕಾರ್ಡೂ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಬೆಳಗಿನ ಜಾವ ಬೆವರಿ ಮಲಗಿದಳು.

ಇಪ್ಪತ್ತೆಂಟು ದಿನ ಬಿಟ್ಟು ಎರಡನೇ ಸಲ ಹೋದಾಗ ಸೂಜಿ ಒಂದೇ. ಅವ್ವನೇ ಕ್ಯಾಲೆಂಡರ್ ನೋಡಿ ನೆನಪು ಮಾಡಿದಳು. ಈ ಸಲ ಜ್ವರವೂ ಅಷ್ಟಾಗಿ ಬರಲಿಲ್ಲ.

ಅದೇ ತಿಂಗಳು ಲಸಿಕಾ ಕಾರ್ಯಕ್ರಮದ ಸುದ್ದಿ ಕಳಿಸುವಾಗ ಕೊನೆಗೆ ಜ್ವರದ ಬಗ್ಗೆ ಮೂರು ಸಾಲು ಸೇರಿಸಿದೆವು. ಮರುದಿನ ಪತ್ರಿಕೆ ನೋಡಿದರೆ ಉಪಸ್ಥಿತರಿದ್ದವರೆಲ್ಲ ಇದ್ದರು, ಆ ಮೂರು ಸಾಲು ಇರಲಿಲ್ಲ. ಜಾಗ ಸಾಲಲಿಲ್ಲವಂತೆ. ಅದಕ್ಕೇ ಇಲ್ಲಿ ಬರೆದೆವು.