ನಮ್ಮ ವಾರ್ಡಿನ ಸುದ್ದಿ: ದಸರಾದಿಂದ ಕಾರ್ತಿಕದವರೆಗೆ

ಸುತ್ತಲಿನ ಹಳ್ಳಿಯವರು ಜಗಳೂರಿಗೆ ಹೊರಟರೆ 'ಪ್ಯಾಟಿಗೆ ಹೋಗ್ಬರ್ತೀವಿ' ಅಂತಾರೆ. ದಾವಣಗೆರೆಯಿಂದ ಇಲ್ಲಿಗೆ ಬರುವವರು 'ಹಳ್ಳಿ ಕಡೆ ಹೋಗ್ಬರ್ತೀವಿ' ಅಂತಾರೆ. ಎರಡೂ ಸುಳ್ಳಲ್ಲ. 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ ಸುಮಾರು 17 ಸಾವಿರ. ಕಾಗದದಲ್ಲಿ ಇದು ಪಟ್ಟಣ ಪಂಚಾಯಿತಿ, ನಮ್ಮದು ಅದರ ಅಂಚಿನ ಒಂದು ವಾರ್ಡು. ಆದರೆ ನಮ್ಮ ಬೀದಿ ಮುಗಿದಲ್ಲಿಂದಲೇ ಹೊಲ ಶುರು. ಮನೆ ಮುಂದೆ ಎಮ್ಮೆ ಕಟ್ಟಿರುತ್ತೆ, ಹಿತ್ತಲಲ್ಲಿ ಸೊಪ್ಪೆ ಒಟ್ಟಿರುತ್ತೆ.

ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕ ಎರಡು ತಿಂಗಳಿಗೆ ಶರದೃತು ಅಂತ ಬರೆದಿರುತ್ತೆ. ನಮಗೆ ಅದು ಮೆಕ್ಕೆಜೋಳ ಮುರಿಯೋ ಕಾಲ. ಈ ಎರಡು ತಿಂಗಳಲ್ಲಿ ನಮ್ಮ ವಾರ್ಡಿನಲ್ಲಿ ಏನೇನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಪೇಪರಿನಲ್ಲಿ ಬರುವಂಥ ದೊಡ್ಡ ಸುದ್ದಿ ಒಂದೂ ಇಲ್ಲ. ಆದರೂ ನಿಮಗೆ ಹೇಳಬೇಕು ಅನ್ನಿಸಿತು.

ಮೊದಲ ಸುದ್ದಿ ಸಮೀಕ್ಷೆಯದು. ಮಹಾಲಯ ಅಮಾವಾಸ್ಯೆ ಮುಗಿದ ಮಾರನೇ ದಿನ, ಸೆಪ್ಟೆಂಬರ್ 22ಕ್ಕೆ, ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ರಾಜ್ಯದ ತುಂಬ ಶುರುವಾಯಿತಲ್ಲ, ನಮ್ಮ ಬೀದಿಗೂ ಒಬ್ಬರು ಮೇಷ್ಟ್ರು ಬಂದರು. ಒಟ್ಟು 60 ಪ್ರಶ್ನೆ. ಜಾತಿ ಯಾವುದು, ಓದಿದ್ದು ಎಷ್ಟು, ಹೊಲ ಎಷ್ಟು, ಸಾಲ ಇದೆಯಾ, ಹೀಗೆ. ಉತ್ತರ ಕೊಡಲೇಬೇಕು ಅಂತೇನಿಲ್ಲ, ಇಷ್ಟ ಇದ್ದರೆ ಕೊಡಬಹುದು ಅಂತ ಸೆಪ್ಟೆಂಬರ್ 25ಕ್ಕೆ ಹೈಕೋರ್ಟ್ ಹೇಳಿತ್ತು. ನಮ್ಮ ಬೀದಿಯವರು ಕರೆದು ಕೂರಿಸಿ, ಚಹಾ ಕೊಟ್ಟು ಹೇಳಿದರು. ಒಂದು ಮನೆಯವರು ಹೇಳುವಾಗ ನಾಲ್ಕು ಮನೆಯವರು ಕಟ್ಟೆ ಮೇಲೆ ಕೂತು ಕೇಳುತ್ತಿದ್ದರು.

ಪಕ್ಕದ ಮನೆಯ ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟು ಮುಗಿಸಿ ಕೊನೆಗೆ ತಾನೇ ಕೇಳಿದಳು: "ಇಷ್ಟೆಲ್ಲ ಕೇಳಿದ್ರಲ್ಲ ಮೇಷ್ಟ್ರೆ, ನಿಮಗೇನು ಬೇಕವ್ವ ಅಂತ ಒಂದು ಪ್ರಶ್ನೆ ಇಲ್ಲೇನು ಅದರಾಗೆ?"

ಮೇಷ್ಟ್ರು ನಕ್ಕರು. ಅವರು ಪಾಠ ಮಾಡುವುದು ಹಳ್ಳಿ ಶಾಲೆಯಲ್ಲಿ. "ಅದನ್ನ ವಾರ್ಡ್ ಸಭೆಯಾಗೆ ಹೇಳ್ಬೇಕಜ್ಜಿ" ಅಂದರು.

"ಎಲ್ಲಿ ನಡೀತೈತಪ್ಪ ಅದು?" ಅಂದಳು ಅಜ್ಜಿ. ಕಟ್ಟೆ ಮೇಲೆ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಚಿಕ್ಕವ್ವನನ್ನು ಕೊಟ್ಟಿರುವ ಹಳ್ಳಿ ಇಲ್ಲಿಂದ ಆರು ಕಿಲೋಮೀಟರ್. ಅಲ್ಲಿ ವಾರ್ಡ್ ಸಭೆ ಅಂದರೆ ಎಲ್ಲರಿಗೂ ಗೊತ್ತು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಗ್ರಾಮ ಪಂಚಾಯಿತಿಯ ಪ್ರತಿ ವಾರ್ಡಿನಲ್ಲೂ ಆರು ತಿಂಗಳಿಗೆ ಒಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು. ಅದರ ಮೇಲೆ ಗ್ರಾಮಸಭೆ. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಯೋಜನೆ ತಯಾರಿ ಶುರುವಾಗುತ್ತೆ. ಯಾರ ಹೊಲಕ್ಕೆ ಬದು, ಯಾರಿಗೆ ಕೃಷಿ ಹೊಂಡ, ಯಾರಿಗೆ ದನದ ಕೊಟ್ಟಿಗೆ ಅಂತ ಈ ದಿನಗಳಲ್ಲೇ ಬರೆಸಬೇಕು. ಚಿಕ್ಕವ್ವ ಹೋದ ವರ್ಷ ಕುರಿ ಶೆಡ್ಡು ಬರೆಸಿದ್ದಳು, ಈ ವರ್ಷ ಬದು ಬರೆಸಿದ್ದಾಳೆ.

ಪಟ್ಟಣಗಳಿಗೆ ಬೇರೆ ಲೆಕ್ಕ. ಸಂವಿಧಾನದ 73ನೇ ತಿದ್ದುಪಡಿ ಹಳ್ಳಿಗೆ ಗ್ರಾಮಸಭೆ ಕೊಟ್ಟಿತು. ಅದರ ಜೊತೆಗೇ ಬಂದ 74ನೇ ತಿದ್ದುಪಡಿ ನಗರಗಳಿಗೆ ವಾರ್ಡ್ ಸಮಿತಿ ಇರಲಿ ಅಂದಿತು. ಆದರೆ ಅದನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ಮಾತ್ರ. 17 ಸಾವಿರದ ಊರು ಎಲ್ಲಿ, 3 ಲಕ್ಷ ಎಲ್ಲಿ! ನಮ್ಮಂಥ ಊರು ಗ್ರಾಮಸಭೆಗೆ ದೊಡ್ಡದಾಯಿತು, ವಾರ್ಡ್ ಸಮಿತಿಗೆ ಸಣ್ಣದಾಯಿತು. ಇದು ಯಾವ ಕಚೇರಿಯ ತಪ್ಪೂ ಅಲ್ಲ, ಕಾನೂನು ಇರುವುದೇ ಹಾಗೆ. ವೋಟು ಹಾಕಿ ಸದಸ್ಯರನ್ನು ಆರಿಸುತ್ತೇವೆ, ನಿಜ. ಆದರೆ ನಾವೆಲ್ಲ ಒಟ್ಟಿಗೆ ಕೂತು 'ನಮಗೆ ಇದು ಬೇಕು' ಅಂತ ಹೇಳಲು ಒಂದು ದಿನ, ಒಂದು ಜಾಗ ಅಂತ ಇಲ್ಲ.

ಹಾಗಂತ ನಮ್ಮ ಜನ ಕೂರುವುದೇ ಇಲ್ಲವಾ? ಕೂರುತ್ತಾರೆ. ಹಬ್ಬ ಕೂರಿಸುತ್ತೆ.

ಈ ಸಲ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಒಂದೇ ದಿನ ಬಂದವು. ಸಂಜೆ ಬನ್ನಿ ಹಂಚಿಕೊಂಡು, ದೊಡ್ಡವರ ಕಾಲಿಗೆ ಬಿದ್ದು, ಎಲ್ಲರೂ ಬೇವಿನ ಮರದ ಕಟ್ಟೆಗೆ ಬಂದು ಕೂತರು. ವರ್ಷವಿಡೀ ಮಾತು ಬಿಟ್ಟವರೂ ಆವತ್ತು ಬನ್ನಿ ಕೊಟ್ಟು ಮಾತಾಡಬೇಕು, ಅದು ರೂಢಿ. ಮಳೆ ಮಾತು ಬಂತು. ತುಂಗಭದ್ರೆ ನೀರನ್ನು ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆಯ ಮಾತು ಬಂತು. ಯಾರ ಬೋರು ತಿರುಗಿ ನೀರು ಕೊಡುತ್ತಿದೆ ಅನ್ನೋ ಲೆಕ್ಕ ಬಂತು. ಐದು ದಿನ ಬಿಟ್ಟು ಶೀಗೆ ಹುಣ್ಣಿಮೆ, ಅದೇ ಹೊತ್ತಿಗೆ ವಾಲ್ಮೀಕಿ ಜಯಂತಿ. ಮೆರವಣಿಗೆಗೆ ಯಾರ ಟ್ರ್ಯಾಕ್ಟರ್ ಅನ್ನುವುದೂ ಅಲ್ಲೇ ತೀರ್ಮಾನ ಆಯಿತು.

ಜಗಳ ಶುರುವಾಗಿದ್ದು ದೀಪಾವಳಿ ಆದ ಮೇಲೆ. ಹಟ್ಟಿ ಹಬ್ಬ ಮುಗಿದು, ಬಾಗಿಲಲ್ಲಿ ಇಟ್ಟಿದ್ದ ಸಗಣಿ ಪಾಂಡವರು ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ರಸ್ತೆ ತುಂಬ ಮೆಕ್ಕೆಜೋಳ. ಯಾಕೆ ರಸ್ತೆ ಮೇಲೆ ಅಂತ ಹೊರಗಿನವರು ಕೇಳುತ್ತಾರೆ. ಕೊಳ್ಳುವವರು ತೇವಾಂಶ ಶೇ 14ಕ್ಕಿಂತ ಹೆಚ್ಚಿರಬಾರದು ಅಂತಾರೆ. ಹೊಲದಿಂದ ಬಂದ ಕಾಳಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇರುತ್ತೆ. ಮಣ್ಣಿನ ಕಣ ಮಾಡುವ ಜಾಗವೆಲ್ಲ ಸೈಟ್ ಆಗಿದೆ. ಡಾಂಬರು, ಕಾಂಕ್ರೀಟು ಬಿಸಿಲಿಗೆ ಬೇಗ ಕಾಯುತ್ತೆ. ಮೋಡ ಕವಿದರೆ ಎಲ್ಲರಿಗೂ ಎದೆ ಡವಡವ.

ಅದರ ಮೇಲೆ ಈ ವರ್ಷದ ರೇಟು. 2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು. ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಎರಡು ಸಾವಿರಕ್ಕಿಂತ ಕಡಿಮೆ. ಖರೀದಿ ಕೇಂದ್ರ ತೆರೆಯಿರಿ ಅಂತ ರೈತರು ಅಲ್ಲಲ್ಲಿ ರಸ್ತೆಗಿಳಿದರು. ಹೀಗಿರುವಾಗ ಹಸಿ ಕಾಳನ್ನು ಹಸಿಯಾಗೇ ಮಾರಿದರೆ ಇನ್ನಷ್ಟು ಕಡಿತ. ಎರಡು ದಿನ ಕಾಯಲು, ಒಣಗಿಸಲು ಒಂದು ಜಾಗ ಇದ್ದವನು ಸ್ವಲ್ಪ ಉಳಿದ. ಇಲ್ಲದವನು ಕೇಳಿದ ರೇಟಿಗೆ ಕೊಟ್ಟ.

ಒಂದು ಬೆಳಗಿನ ಜಾವ ಹಾಲು ಹಾಕುವ ಹುಡುಗ ರಾಶಿಗೆ ಅಡ್ಡ ಇಟ್ಟಿದ್ದ ಕಲ್ಲಿಗೆ ಬೈಕ್ ತಗುಲಿಸಿ ಬಿದ್ದ. ಕೈ ಮುರಿಯಿತು. ಹುಡುಗನ ಕಡೆಯವರು ಬಂದರು, ರಾಶಿಯವರು ಎದ್ದರು, ಮಾತು ಮಾತಿಗೆ ಬೆಳೆಯಿತು. ಇನ್ನೇನು ಸ್ಟೇಷನ್ ಮೆಟ್ಟಿಲು ಹತ್ತಬೇಕು, ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿಯೇ, "ಬನ್ನಿ ಕೊಟ್ಟು ಇನ್ನೂ ತಿಂಗಳಾಗಿಲ್ಲ, ಬರ್ರಪ್ಪ ಕಟ್ಟೆಗೆ" ಅಂತ ಕರೆದಳು.

ಆವತ್ತು ಸಂಜೆ ಸುಮಾರು ಮೂವತ್ತು ಜನ ಸೇರಿದರು. ರಾಶಿ ಹಾಕಿದವರು, ಬೈಕಿನವರು, ಆಟೋದವರು, ಮಸೀದಿ ಬೀದಿಯವರು. ಹೆಂಗಸರು ಎದುರಿನ ಜಗಲಿ ಮೇಲೆ. ಒಂದು ಗಂಟೆ ಕೂಗಾಟ, ಆಮೇಲೆ ಅರ್ಧ ಗಂಟೆ ಕೆಲಸ. ತೀರ್ಮಾನ ಇಷ್ಟು: ರಸ್ತೆಯ ಒಂದೇ ಬದಿಗೆ ಹರವಬೇಕು. ಅಡ್ಡ ಕಲ್ಲು ಇಡಬಾರದು, ಮರಳು ತುಂಬಿದ ಚೀಲಕ್ಕೆ ಬಿಳಿ ಬಟ್ಟೆ ಸುತ್ತಿ ಇಡಬೇಕು. ದೀಪ ಹಚ್ಚುವ ಹೊತ್ತಿಗೆ ರಾಶಿ ಮಾಡಿ ತಾಡಪಾಲು ಮುಚ್ಚಿ ಪಕ್ಕಕ್ಕೆ ಸರಿಸಬೇಕು. ಶಾಲೆ ಮುಂದೆ ಹಾಕಲೇಬಾರದು. ಹುಡುಗನ ಆಸ್ಪತ್ರೆ ಖರ್ಚಿಗೆ ರಾಶಿ ಹಾಕಿದ ಎಲ್ಲರೂ ಸೇರಿ ಕೊಡಬೇಕು. ನಾನು ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆ, ಓದಿ ಹೇಳಿದೆ. ಸಹಿ ಬರುವವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು.

ಎಲ್ಲರೂ ಏಳುವಾಗ ಜಗಲಿ ಮೇಲಿಂದ ಒಬ್ಬ ಅಕ್ಕ ಅಂದಳು: "ರಸ್ತೆದು ಆತು. ನಮ್ಮ ಕೂಲಿದು ಯಾರು ಮಾತಾಡ್ತೀರಿ?"

ಎಲ್ಲರೂ ಮತ್ತೆ ಕೂತರು. ನಮ್ಮ ವಾರ್ಡಿನಲ್ಲಿ ಹೊಲ ಇದ್ದವರಿಗಿಂತ ಕೂಲಿಯವರೇ ಹೆಚ್ಚು. ಜೋಳ ಮುರಿಯುವ ಕೆಲಸ ಮುಗಿದರೆ ಕೈ ಖಾಲಿ. ಕಾರ್ತಿಕ ಕಳೆಯುತ್ತಿದ್ದಂತೆ ಮಲೆನಾಡಿನ ಕಾಫಿ ತೋಟಗಳಿಗೆ ಹಣ್ಣು ಕೊಯ್ಯಲು ಹೊರಡುತ್ತಾರೆ. ಗಂಡ, ಹೆಂಡತಿ ಇಬ್ಬರೂ ಹೋದರೆ ಮಕ್ಕಳು ಅಜ್ಜಿ ಹತ್ತಿರ. ಅಜ್ಜಿ ಇಲ್ಲದಿದ್ದರೆ ಮಕ್ಕಳೂ ತೋಟಕ್ಕೆ. ಶಾಲೆ ಹಾಜರಿ ಪುಸ್ತಕದಲ್ಲಿ ಎರಡು ಮೂರು ತಿಂಗಳು ಗೈರು. ವಾಪಸ್ ಬಂದ ಮಕ್ಕಳಲ್ಲಿ ಕೆಲವರು ಮತ್ತೆ ಬೆಂಚಿಗೆ ಕೂರುವುದೇ ಇಲ್ಲ.

ನಮ್ಮ ಚಿಕ್ಕವ್ವನಿಗೂ ಕೂಲಿಯೇ ಗತಿ. ಆದರೆ ಅವಳ ಹತ್ತಿರ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇದೆ. 2025-26ರಲ್ಲಿ ದಿನಕ್ಕೆ 370 ರೂಪಾಯಿ, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ, ವರ್ಷಕ್ಕೆ ಒಂದು ಕುಟುಂಬಕ್ಕೆ 100 ದಿನ ಇತ್ತು. ನಮೂನೆ 6ರಲ್ಲಿ ಅರ್ಜಿ ಕೊಟ್ಟು 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೇಳುವ ಹಕ್ಕೂ ಇತ್ತು. ಅಷ್ಟೂ ಸರಿಯಾಗಿ ಸಿಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಕೇಳಲು ಒಂದು ಕಾಗದ ಇದೆ. ಆರು ಕಿಲೋಮೀಟರ್ ಈಚೆ, ಅದೇ ಬಿಸಿಲಲ್ಲಿ ಅದೇ ಕೆಲಸ ಮಾಡುವ ನಮ್ಮ ಬೀದಿಯ ಅಕ್ಕನಿಗೆ ಆ ಕಾಗದ ಇಲ್ಲ. ಯಾಕೆಂದರೆ ಆ ಕಾಯ್ದೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ, ಅವಳ ವಿಳಾಸ ಪಟ್ಟಣ ಪಂಚಾಯಿತಿಯದು.

ಪಟ್ಟಣದವರಿಗೆ ಇಂಥದ್ದು ಕೊಡಲು ಆಗುವುದೇ ಇಲ್ಲ ಅನ್ನುವ ಹಾಗಿಲ್ಲ. ಕೇರಳ 2010ರ ಹೊತ್ತಿಗೇ ಅಯ್ಯಂಕಾಳಿ ಹೆಸರಿನಲ್ಲಿ ನಗರ ಉದ್ಯೋಗ ಖಾತ್ರಿ ತಂದಿತು. ರಾಜಸ್ಥಾನ 2022ರಲ್ಲಿ ತಂದಿತು. ನಮ್ಮ ಕಟ್ಟೆಯಲ್ಲಿ ಇದನ್ನು ಹೇಳಿದಾಗ ಆ ಅಕ್ಕ, "ಹಂಗಾರೆ ಕೇಳಿದ್ರೆ ತಪ್ಪಿಲ್ಲ ಅಂದಂಗಾತು" ಅಂದಳು.

ಕೇಳಲು ತೀರ್ಮಾನ ಆಯಿತು. ಒಂದು ಅರ್ಜಿ, ಮೂರು ವಿಷಯ. ಒಂದು, ವಾರ್ಡಿಗೆ ಹತ್ತಿರದ ಸರ್ಕಾರಿ ಜಾಗದಲ್ಲಿ ಎಲ್ಲರಿಗೂ ಸೇರಿದ ಒಂದು ಕಾಂಕ್ರೀಟ್ ಕಣ. ಎರಡು, ತೋಟಕ್ಕೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಮೂರು ತಿಂಗಳ ವ್ಯವಸ್ಥೆ. ಮೂರು, ಆರು ತಿಂಗಳಿಗೆ ಒಮ್ಮೆ ವಾರ್ಡಿನವರ ಸಭೆ. ಉದ್ಯೋಗ ಖಾತ್ರಿ ವಿಧಾನಸೌಧದಲ್ಲಿ ಆಗಬೇಕಾದ ಕೆಲಸ, ಅದನ್ನು ಶಾಸಕರಿಗೆ ಬೇರೆ ಬರೆದೆವು. ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಅದರ ನಂಬರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ವ್ಯಾಪ್ತಿಯವರು. ನಾವು ಅರ್ಜಿ ಹಾಕಿ ಕೇಳುತ್ತಿರುವ ಸಭೆ ನಿಮಗೆ ಕಾನೂನಿನಲ್ಲೇ ಇದೆ. 'ಹೋದ್ರೇನು, ಎಲ್ಲ ಮೊದ್ಲೇ ಬರ್ಕೊಂಡಿರ್ತಾರೆ' ಅಂತ ಮನೆಯಲ್ಲಿ ಕೂತರೆ, ಹೌದು, ಬರೆದುಕೊಂಡೇ ಇರುತ್ತಾರೆ. ಈ ತಿಂಗಳು ನಿಮ್ಮೂರಲ್ಲಿ ಡಂಗುರ ಸಾರಿದರೆ, ಗ್ರೂಪಿನಲ್ಲಿ ನೋಟಿಸ್ ಬಂದರೆ ಹೋಗಿ. ಜೊತೆಗೆ ಪಕ್ಕದ ಮನೆ ಹೆಂಗಸರನ್ನು ಕರೆದುಕೊಂಡು ಹೋಗಿ. ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ನೋಡಿಕೊಂಡು ಬನ್ನಿ.

ನಮ್ಮ ಬೀದಿಯಲ್ಲಿ ಸದ್ಯಕ್ಕೆ ಬಿಳಿ ಬಟ್ಟೆ ಸುತ್ತಿದ ಚೀಲಗಳಿವೆ, ಯಾರೂ ಬಿದ್ದಿಲ್ಲ. ಕಾರ್ತಿಕದ ಕೊನೇ ಸೋಮವಾರ ಮುಗಿದ ಮೇಲೆ ಮೂರು ಮನೆಗೆ ಬೀಗ ಬಿತ್ತು, ತೋಟದ ಜೀಪು ಬಂದು ಕರೆದುಕೊಂಡು ಹೋಯಿತು. ಅದರಲ್ಲಿ ಎರಡು ಮನೆಯ ಮಕ್ಕಳು ಇಲ್ಲೇ ಉಳಿದಿದ್ದಾರೆ, ಪಕ್ಕದ ಮನೆಯ ಅಜ್ಜಿ ಹತ್ತಿರ. ಅವಳಿಗೆ ಅವರು ಮೊಮ್ಮಕ್ಕಳೇನಲ್ಲ. ಊಟಕ್ಕೆ ಬೀದಿಯವರು ಅಕ್ಕಿ, ಬೇಳೆ ಕೊಡುತ್ತಿದ್ದೇವೆ. ಮುಂದಿನ ಸಭೆ ಎಳ್ಳಮಾಸೆ ದಿನ ಸಂಜೆ, ಬೇವಿನ ಮರದ ಕಟ್ಟೆಯಲ್ಲಿ.